ಮೊದಲು ಅವರ ರೊಟ್ಟಿ ಬುಟ್ಟಿ ನೋಡೋಣ

(ಗದಗಿನಲ್ಲಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಗೆ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆಮನೆಗೆ ಹೋಗಿ ಊಟದ ಬಗ್ಗೆ ತಿಳಿಹೇಳುವ ಈ ಕೆಲಸಕ್ಕೆ ನಾನು ಬಂದ ಹೊಸದರಲ್ಲಿ ನನ್ನ ಚೀಲದಲ್ಲಿ ಯಾವಾಗಲೂ ಒಂದು ಕಟ್ಟು ಹಾಳೆ ಇರುತ್ತಿತ್ತು. ಬಣ್ಣದ ಹಾಳೆ. ಬಸುರಿ ಹೆಂಗಸು ಏನು ತಿನ್ನಬೇಕು ಅಂತ ಚಿತ್ರ ಸಮೇತ ಅಚ್ಚು ಹಾಕಿದ್ದರು. ಸೇಬು, ಕಿತ್ತಳೆ, ಬ್ರೆಡ್ಡು, ಗ್ಲಾಸಿನ ತುಂಬ ಹಾಲು, ಬ್ರೊಕೊಲಿ. ಕಪ್ಪತಗುಡ್ಡದ ಕಡೆಯ ಒಂದು ಲಂಬಾಣಿ ತಾಂಡಾಕ್ಕೆ ಹೋಗಿ, ಐದು ತಿಂಗಳ ಬಸುರಿಯೊಬ್ಬಳ ಕೈಗೆ ಅದನ್ನು ಕೊಟ್ಟು, ಹತ್ತು ನಿಮಿಷ ಮಾತಾಡಿ ಬಂದೆ. ಆಕೆ ಎಲ್ಲದಕ್ಕೂ ಹೂಂ ಅಂದಳು. ತಿಂಗಳು ಬಿಟ್ಟು ಮತ್ತೆ ಹೋದೆ. ಆ ಹಾಳೆ ಅಡುಗೆ ಮನೆಯ ಹಲಗೆ ಮೇಲೆ ಹಾಸಿತ್ತು. ಅದರ ಮೇಲೆ ಉಪ್ಪಿನ ಡಬ್ಬಿ, ಖಾರದ ಪುಡಿ ಡಬ್ಬಿ. ಆಕೆ ಅದನ್ನು ಬಿಸಾಡಿರಲಿಲ್ಲ, ಜೋಪಾನವಾಗಿಯೇ ಇಟ್ಟಿದ್ದಳು. ಆದರೆ ಅದರಲ್ಲಿದ್ದ ಒಂದು ಪದಾರ್ಥವೂ ಆ ಮನೆಗೆ ಬರುವಂಥದ್ದಲ್ಲ.

ಆ ದಿನ ನಾನು ಮೊದಲ ಸಲ ಆ ಮನೆಯ ಒಲೆ ಕಡೆ ತಿರುಗಿ ನೋಡಿದೆ. ಬುಟ್ಟಿಯಲ್ಲಿ ಜೋಳದ ರೊಟ್ಟಿ. ಗಡಿಗೆಯಲ್ಲಿ ಪುಂಡಿ ಪಲ್ಯ. ಪಕ್ಕದ ಬಟ್ಟಲಲ್ಲಿ ಗುರೆಳ್ಳು ಹಿಂಡಿ, ಅಂದರೆ ಚಟ್ನಿ ಪುಡಿ. "ಮತ್ತ ಏನೇನ್ ತಿಂತೀರವ್ವಾ?" ಅಂತ ಕೇಳಿದೆ. ಆಕೆ ಅತ್ತೆಯ ಮುಖ ನೋಡಿದಳು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಹೇಳಿದರು: "ಹಬ್ಬದಾಗ ಸಳೋಯಿ ಮಾಡ್ತೀವ್ರಿ. ನಿಮ್ಮ ಮುಂದ ಹೆಂಗ ಹೇಳೋದಂತ ಬಿಟ್ಟಿದ್ವಿ."

ಸಳೋಯಿ ಅಂದ್ರೆ ಕುರಿ ಅಥವಾ ಮೇಕೆಯ ರಕ್ತ, ಒಳಗಿನ ಮಾಂಸ ಹಾಕಿ ಮಾಡುವ ಲಂಬಾಣಿಗರ ಅಡುಗೆ. ಚೆನ್ನಾಗಿ ಬೇಯಿಸಿ ತಿಂದರೆ ಅದರಷ್ಟು ಕಬ್ಬಿಣ ಕೊಡುವ ಪದಾರ್ಥ ನನ್ನ ಬಣ್ಣದ ಹಾಳೆಯಲ್ಲಿ ಒಂದೂ ಇರಲಿಲ್ಲ. ರಕ್ತ ಮತ್ತು ಮಾಂಸದಲ್ಲಿರುವ ಕಬ್ಬಿಣವನ್ನು ನಮ್ಮ ಮೈ ಬೇಗ ಹೀರಿಕೊಳ್ಳುತ್ತೆ. ಸೊಪ್ಪು, ಕಾಳಿನ ಕಬ್ಬಿಣ ಅಷ್ಟು ಸುಲಭಕ್ಕೆ ಸೇರುವುದಿಲ್ಲ. ಅಂಥ ಅಡುಗೆಯನ್ನು ಆ ತಾಯಿ ನನ್ನಿಂದ ಮುಚ್ಚಿಟ್ಟಿದ್ದರು. ನಾನು ಮೂಗು ಮುರಿಯಬಹುದು ಅನ್ನೋ ಹೆದರಿಕೆ ಅವರಿಗೆ. ಅದಕ್ಕೆ ಮುಂಚೆ ಅವರ ಮನೆಗೆ ಹೋದವರು ಯಾರೋ ಮೂಗು ಮುರಿದಿರಬೇಕು, ಅಲ್ವಾ?

ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇದನ್ನೇ. ಏನು ತಿನ್ನಿ ಅಂತ ಹೇಳುವ ಮೊದಲು ಏನು ತಿನ್ನುತ್ತೀರಿ ಅಂತ ಕೇಳಬೇಕು. ಕೇಳುವಾಗ ನಮ್ಮ ಮುಖ ನೆಟ್ಟಗಿರಬೇಕು.

ಕೇಳೋದಕ್ಕೂ ಒಂದು ರೀತಿ ಇದೆ. "ಸೊಪ್ಪು ತಿಂತೀರಾ? ಹಾಲು ಕುಡೀತೀರಾ?" ಅಂದರೆ ಎಲ್ಲರೂ ಹೂಂ ಅಂತಾರೆ. ಶಾಲೆಯಲ್ಲಿ ಮಾಸ್ತರರು ಕೇಳಿದ ಹಾಗೆ ಇರುತ್ತೆ ಅದು. ಅದರ ಬದಲು ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಬಾಯಿಗೆ ಹೋಯಿತು ಅಂತ ಒಂದೊಂದಾಗಿ ನೆನಪು ಮಾಡಿಸಿ. ಎದ್ದ ಕೂಡಲೇ ಏನು? ಚಹಾ. ಜೊತೆಗೆ? ಎರಡು ಟೋಸ್ಟು. ಹೊಲಕ್ಕೆ ಹೋಗೋ ಮುಂಚೆ? ರೊಟ್ಟಿ. ಎಷ್ಟು? ಯಾವುದರ ಜೊತೆ? ಪಲ್ಯ ಉಳಿದಿತ್ತಾ, ನಿಮ್ಮ ಪಾಲಿಗೆ ಬಂತಾ? ಈ ಕೊನೇ ಪ್ರಶ್ನೆ ಬಿಡಬೇಡಿ. ಎಷ್ಟೋ ಮನೆಯಲ್ಲಿ ಸೊಸೆ ಎಲ್ಲರದ್ದೂ ಆದ ಮೇಲೆ ಊಟಕ್ಕೆ ಕೂರುತ್ತಾಳೆ. ಮನೆಯಲ್ಲಿ ಮಡಕಿ ಕಾಳಿನ ಪಲ್ಯ ಮಾಡಿದ್ದು ನಿಜ. ಅವಳ ತಾಟಿಗೆ ಬಂದದ್ದು ಬರೀ ರಸ.

ಗ್ರಾಂ ಲೆಕ್ಕ ಕೇಳಬೇಡಿ, ಯಾರ ಮನೆಯಲ್ಲೂ ತಕ್ಕಡಿ ಇಟ್ಟುಕೊಂಡು ಉಣ್ಣುವುದಿಲ್ಲ. ನಮ್ಮ ಕಡೆ ಲೆಕ್ಕ ಇರುವುದು ರೊಟ್ಟಿಯಲ್ಲಿ, ಹಿಡಿಯಲ್ಲಿ, ಸವುಟಿನಲ್ಲಿ. ಆ ಲೆಕ್ಕದಲ್ಲೇ ಕೇಳಿ, ಆ ಲೆಕ್ಕದಲ್ಲೇ ಹೇಳಿ.

ಈಗ ರಕ್ತದ ಮಾತಿಗೆ ಬರೋಣ. ನಾವೆಲ್ಲ ದಿನಾ ಎದುರಿಸುವುದು ಇದನ್ನೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65. ರಕ್ತಹೀನತೆ ಎಲ್ಲ ಜಾತಿ, ಧರ್ಮದವರಲ್ಲೂ ಇದೆ. ಆದರೆ ಪರಿಹಾರ ಹೇಳುವಾಗ ನಾವು ಏನು ಮಾಡುತ್ತೇವೆ? ಎಲ್ಲರಿಗೂ ಬೀಟ್‌ರೂಟು, ದಾಳಿಂಬೆ ಅಂತೀವಿ. ಕೆಂಪಗಿದೆ, ಹಾಗಾಗಿ ರಕ್ತ ಆಗುತ್ತೆ ಅಂತ ಜನ ನಂಬಿದ್ದಾರೆ. ನಮ್ಮಲ್ಲೂ ಎಷ್ಟೋ ಜನ ನಂಬಿದ್ದೇವೆ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ 1 ಮಿಲಿಗ್ರಾಮಿಗಿಂತ ಕಡಿಮೆ. ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. ಗರ್ಭಿಣಿಗೆ ದಿನಕ್ಕೆ ಬೇಕಾದದ್ದು 27 ಮಿಲಿಗ್ರಾಂ. ಕೂಲಿ ಮಾಡುವ ಗಂಡ ಸಂತೆಯಿಂದ ದುಬಾರಿ ದಾಳಿಂಬೆ ತಂದು, ಬಿಡಿಸಿ, ಹೆಂಡತಿ ಕೈಗೆ ಕೊಟ್ಟು, ಇನ್ನು ರಕ್ತ ಏರುತ್ತೆ ಅಂತ ಕಾಯುತ್ತಾನೆ. ಆ ಪ್ರೀತಿ ದೊಡ್ಡದು. ಆ ರೊಕ್ಕ ಮಾತ್ರ ತಪ್ಪು ಕಡೆ ಹೋಯಿತು, ನಮ್ಮ ಮಾತಿನಿಂದ.

ಅದೇ ಮನೆಯ ಡಬ್ಬಿಯಲ್ಲಿ ಗುರೆಳ್ಳು ಇರುತ್ತೆ, ಎಳ್ಳು ಇರುತ್ತೆ. ತೂಕಕ್ಕೆ ತೂಕ ಇಟ್ಟರೆ ಅವುಗಳಲ್ಲಿ ಬೀಟ್‌ರೂಟಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಕಬ್ಬಿಣ ಇದೆ. ಹಿಂಡಿ ತಿನ್ನುವುದು ಒಂದು ಚಮಚ ಮಾತ್ರ, ನಿಜ. ಆದರೆ ಅದು ದಿನಾ ತಿನ್ನುವ ಚಮಚ. ಎರಡು ಚಮಚ ಆಗಲಿ. ಮೇಲೆ ಅರ್ಧ ಹೋಳು ಲಿಂಬೆಹಣ್ಣು ಹಿಂಡಲಿ. ಹುಳಿ ಇದ್ದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಸೇರುತ್ತೆ. ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯೆ, ಹಕ್ಕರಕಿ ಸೊಪ್ಪನ್ನು ರೊಟ್ಟಿ ಜೊತೆ ಹಸಿಯಾಗೇ ತಿನ್ನುವುದು ನಮ್ಮ ಉತ್ತರ ಕರ್ನಾಟಕದ ಪದ್ಧತಿ. ಅದರಲ್ಲಿ ಬದಲಾಯಿಸುವುದು ಏನೂ ಇಲ್ಲ. ಲಿಂಬೆಹಣ್ಣು ಒಂದು ಸೇರಿಸಿ, ಸಾಕು.

ಮತ್ತೆ ಚಹಾ. ಲಿಂಗಾಯತರು, ಮುಸ್ಲಿಮರು, ಕುರುಬರು, ಲಂಬಾಣಿಗರು, ಜೈನರು, ದಲಿತರು, ಹುಬ್ಬಳ್ಳಿಯ ರೈಲ್ವೆ ಮನೆಗಳ ತೆಲುಗರು, ತಮಿಳರು, ಎಲ್ಲರ ಮನೆ ಸುತ್ತಿದ್ದೇನೆ. ಚಹಾ ಮಾಡದ ಮನೆ ನನಗೆ ಸಿಕ್ಕಿಲ್ಲ. ಊಟ ಆದ ಕೂಡಲೇ ಚಹಾ ಕುಡಿದರೆ ಅದರಲ್ಲಿರುವ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತೆ, ಮೈಗೆ ಬಿಡುವುದಿಲ್ಲ. ಚಹಾ ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ನಾನೂ ಬಿಡುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇಡಿ ಅನ್ನಿ. ಈ ಒಂದು ಮಾತು ಯಾರ ದೇವರಿಗೂ, ಯಾರ ಆಚಾರಕ್ಕೂ ಅಡ್ಡ ಬರುವುದಿಲ್ಲ. ಅವರು ಕೊಟ್ಟ ಚಹಾ ಮಾತ್ರ ಬೇಡ ಅನ್ನಬೇಡಿ. ಕೆಲವು ಮನೆಗಳಲ್ಲಿ ನಾವು ಆ ಕಪ್ಪು ತಗೊಳ್ತೀವೋ ಇಲ್ವೋ ಅಂತ ನೋಡಿ, ಆಮೇಲೆ ಮಾತು ಬಿಚ್ಚುತ್ತಾರೆ.

ಇದೆಲ್ಲ ಹೇಳಿದರೂ ಕಬ್ಬಿಣದ ಗುಳಿಗೆ ಬೇಕೇ ಬೇಕು. ರಕ್ತ ಕಡಿಮೆ ಆದ ಗರ್ಭಿಣಿಗೆ ಹಿಂಡಿಯಿಂದ ಅಷ್ಟನ್ನೂ ತುಂಬಿಸಲು ಆಗುವುದಿಲ್ಲ. ನಾವು ಕೊಡುವ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಬಸುರಿನಲ್ಲಿ 180 ದಿನ, ಹೆರಿಗೆ ಆದ ಮೇಲೆ 180 ದಿನ. ಅದನ್ನು ನುಂಗಿದರೆ ಕೂಸು ಕಪ್ಪಾಗುತ್ತೆ, ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅನ್ನುತ್ತಾರೆ. ನಗಬೇಡಿ. ಗುಳಿಗೆ ನುಂಗಿದ ಮೇಲೆ ಮಲ ಕಪ್ಪಗೆ ಹೋಗುತ್ತೆ. ಅದನ್ನು ಕಣ್ಣಾರೆ ನೋಡಿದವರಿಗೆ ಆ ಅನುಮಾನ ಬರುವುದು ಸಹಜ. ಕಪ್ಪಗೆ ಹೋಗುತ್ತೆ, ಹೆದರಬೇಡಿ ಅಂತ ನಾವು ಮೊದಲೇ ಹೇಳಿದ್ದರೆ ಅರ್ಧ ಗುಳಿಗೆಗಳು ಡಬ್ಬಿಯಲ್ಲಿ ಉಳಿಯುತ್ತಿರಲಿಲ್ಲ.

ಬೆಟಗೇರಿಯ ಒಂದು ಮನೆಯ ವಿಷಯ ಹೇಳುತ್ತೇನೆ. ಬಾಣಂತಿ, ಹದಿನೆಂಟು ದಿನದ ಕೂಸು. ಬರೀ ಅನ್ನ, ತುಪ್ಪ, ಬೆಳ್ಳುಳ್ಳಿ, ಮೆಣಸಿನ ಸಾರು. ನೀರು ಎರಡೇ ಲೋಟ. ಹೊಟ್ಟೆ ಬರುತ್ತೆ ಅಂತ ನೀರು ಕೊಡುತ್ತಿರಲಿಲ್ಲ. ಸೊಪ್ಪಂತೂ ಇಲ್ಲವೇ ಇಲ್ಲ. ಹಾಲುಣ್ಣುವ ಕೂಸಿಗೆ ಥಂಡಿ ಆಗುತ್ತೆ ಅಂತ. ಮೊದಲಿನ ಹಾಗಿದ್ದರೆ ನಾನು "ಅದೆಲ್ಲಾ ಮೂಢನಂಬಿಕೆ" ಅಂತ ಶುರು ಮಾಡುತ್ತಿದ್ದೆ. ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಆ ದಿನ ಅತ್ತೆಯ ಪಕ್ಕ ಕೂತು ಕೇಳಿದೆ. "ಅವ್ವಾರ, ನಿಮ್ಮ ಬಾಣಂತನ ಯಾರ್ ಮಾಡಿದ್ರು? ಏನೇನ್ ಕೊಡ್ತಿದ್ರು?"

ಅವರ ಮುಖ ಅರಳಿತು. ಅವರ ತಾಯಿ ಅಂಟಿನ ಉಂಡೆ ಕಟ್ಟಿ ಡಬ್ಬಿ ತುಂಬಿಸಿ ತಂದದ್ದು ಹೇಳಿದರು. ಉತ್ತತ್ತಿ, ಒಣ ಕೊಬ್ಬರಿ, ಗಸಗಸೆ, ಬೆಲ್ಲ. ಅಳವಿ ಪಾಯಸ ವಾರಕ್ಕೆ ಎರಡು ಸಲ. ಅಳವಿ ಕಾಳಿನಲ್ಲಿ ಕಬ್ಬಿಣ ತುಂಬ ಇದೆ, ನಿಮಗೆ ಗೊತ್ತಿರಲಿ. "ಮತ್ತ ಪಲ್ಯಾ?" ಅಂದೆ.

"ಪಲ್ಯಾ ಎಲ್ಲೀದು? ಸಬ್ಬಸಗಿ ಒಂದ ಕೊಡ್ತಿದ್ರು. ಹಾಲು ಬರ್ತಾವಂತ."

"ಅಂದ್ರ ಸಬ್ಬಸಗಿ ನಡೀತದ?"

"ಸಬ್ಬಸಗಿ ನಡೀತದಲ್ಲ. ಅದು ಕಾವಿಂದು."

ಅಷ್ಟು ಹೊತ್ತು ಸೊಪ್ಪೇ ಬೇಡ ಅನ್ನುತ್ತಿದ್ದ ಮನೆಯಲ್ಲಿ ಒಂದು ಸೊಪ್ಪಿಗೆ ಮೊದಲಿನಿಂದಲೂ ಬಾಗಿಲು ತೆರೆದೇ ಇತ್ತು. ಮರುದಿನ ಸಬ್ಬಸಗಿ ಜೊತೆ ಹೆಸರು ಬೇಳೆ ಹಾಕಿ ಪಲ್ಯ ಆಯಿತು. ಮೆಂತ್ಯೆಯೂ ಕಾವು ಅಂತ ಅವರೇ ಒಪ್ಪಿದರು. ನೀರಿನ ಮಾತು ಬಂದಾಗ, ಕುದಿಸಿ ಬೆಚ್ಚಗಿರುವ ಜೀರಿಗೆ ನೀರು ಕೊಡಬಹುದಾ ಅಂದೆ. ಅದಕ್ಕೂ ಅಡ್ಡಿ ಇರಲಿಲ್ಲ. ಅವರಿಗೆ ಬೇಡವಾದದ್ದು ತಣ್ಣೀರು. ಸೊಸೆ ಬಾಯಿ ತೆರೆದು ಒಂದು ಮಾತೂ ಆಡಲಿಲ್ಲ, ಆಡಬೇಕಾದ ಅಗತ್ಯವೂ ಬರಲಿಲ್ಲ. ಅವಳ ಎದುರಿಗೆ ಅವಳ ಅತ್ತೆಯನ್ನು ಸಣ್ಣವರನ್ನಾಗಿ ಮಾಡಿದ್ದರೆ, ನಾನು ಎದ್ದು ಬಂದ ಮೇಲೆ ಅನುಭವಿಸುವವಳು ಅವಳೇ.

ಕಾವು, ಥಂಡಿ, ವಾಯು, ನಂಜು ಅನ್ನುವ ಲೆಕ್ಕ ನಮ್ಮ ಪುಸ್ತಕದಲ್ಲಿಲ್ಲ. ಮನೆಮನೆಯಲ್ಲಿದೆ. ಅದನ್ನು ಒಡೆಯಲು ಹೋಗಬೇಡಿ. ಅದರೊಳಗೇ ಜಾಗ ಹುಡುಕಿ. ಹತ್ತರಲ್ಲಿ ಎಂಟು ಸಲ ಸಿಗುತ್ತೆ.

ಸಿಗದ ಕಡೆ ಏನು ಮಾಡಬೇಕು? ಅದನ್ನೂ ಹೇಳಬೇಕು. ಮನೆಯವರಿಗೆ ಗೌರವ ಕೊಡುವುದು ಅಂದರೆ ಎಲ್ಲದಕ್ಕೂ ತಲೆ ಆಡಿಸುವುದಲ್ಲ. ಹೆರಿಗೆ ಆದ ಕೂಡಲೇ ಬರುವ ಹಳದಿ ಗಿಣ್ಣದ ಹಾಲನ್ನು ಹಿಂಡಿ ಚೆಲ್ಲುತ್ತಾರೆ, ಕೂಸಿನ ಬಾಯಿಗೆ ಜೇನುತುಪ್ಪ ಹಚ್ಚುತ್ತಾರೆ. ಇಲ್ಲಿ ರಾಜಿ ಇಲ್ಲ. ಮೊದಲ ಹಾಲು ಕೂಸಿಗೇ ಸೇರಬೇಕು, ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ದನಿ ಏರಿಸದೆ ಹೇಳಿ, ಆದರೆ ಸ್ಪಷ್ಟವಾಗಿ ಹೇಳಿ.

ಇನ್ನೊಂದು ಕಠಿಣ ಮಾತು. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಶುರುವಾಯಿತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ದಿನಕ್ಕೊಂದು ಬಿಸಿ ಊಟ. ಒಳ್ಳೆಯ ಯೋಜನೆ. ಆದರೆ ತಿಂಗಳು ತುಂಬಿದವಳು ಬಿಸಿಲಲ್ಲಿ ನಡೆದು ಬರಬೇಕು. ಹಸಿ ಬಾಣಂತಿ ಹೊಸ್ತಿಲು ದಾಟುವುದಿಲ್ಲ. ಹೊರಗೆ ಕೂತು ಉಣ್ಣಲು ಕೆಲವರಿಗೆ ನಾಚಿಕೆ. ಇವೆಲ್ಲ ನಾವು ಅರ್ಥ ಮಾಡಿಕೊಳ್ಳಬೇಕಾದ ಕಾರಣಗಳು. ಆದರೆ ಅಡುಗೆ ಮಾಡಿದವರು ಯಾವ ಜಾತಿ ಅಂತ ನೋಡಿ ಊಟ ಬಿಡುವವರೂ ಇದ್ದಾರೆ. ಅದಕ್ಕೆ ಪದ್ಧತಿ ಅನ್ನುವ ಹೆಸರು ಕೊಟ್ಟು ನಾವು ತಗ್ಗಬಾರದು. ಯಾರು ಏನು ಉಣ್ಣುತ್ತಾರೆ ಅನ್ನುವುದು ಅವರವರ ಮನೆಯ ವಿಚಾರ. ಯಾರ ಕೈಯಿಂದ ಉಣ್ಣುವುದಿಲ್ಲ ಅನ್ನುವುದು ಇನ್ನೊಬ್ಬರಿಗೆ ಮಾಡುವ ಅವಮಾನ. ಸರ್ಕಾರದ ಅಂಗನವಾಡಿಯಲ್ಲಿ ಅದಕ್ಕೆ ಜಾಗ ಇಲ್ಲ. ಅಡುಗೆ ಸಹಾಯಕಿಯ ಪಕ್ಕ ಕೂತು ಮೊದಲ ತುತ್ತು ನೀವು ತಿನ್ನಿ.

ಮೊಟ್ಟೆ ವಿಷಯಕ್ಕೆ ಬರ್ತೀನಿ. ಶಾಲೆಯಲ್ಲಿ ಮೊಟ್ಟೆ ಕೊಡುವುದು 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಶುರುವಾಗಿ, ಆಮೇಲೆ ನಮ್ಮ ಕಡೆಗೂ ಬಂತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಮೊದಲು ಶೇಂಗಾ ಚಿಕ್ಕಿಯನ್ನೂ ಕೊಡುತ್ತಿದ್ದರು, 2025ರಲ್ಲಿ ಅದನ್ನು ನಿಲ್ಲಿಸಿದರು. ಆಯ್ಕೆ ಕೊಟ್ಟದ್ದು ಸರಿ. ಯಾವ ಮಗುವನ್ನೂ ಒತ್ತಾಯ ಮಾಡಬಾರದು, ತಿನ್ನುವ ಮಗುವನ್ನು ಬೇರೆ ಸಾಲಿನಲ್ಲಿ ಕೂರಿಸಲೂಬಾರದು. ಆದರೆ ಎರಡೂ ಒಂದೇ ಅಂತ ತಾಯಂದಿರಿಗೆ ಹೇಳಬೇಡಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಒಂದು ಬಾಳೆಹಣ್ಣಿನಲ್ಲಿ 1 ಗ್ರಾಂ ಆಸುಪಾಸು. ಮೊಟ್ಟೆಯಲ್ಲಿ ಬಿ12 ಜೀವಸತ್ವ ಇದೆ, ಬಾಳೆಹಣ್ಣಿನಲ್ಲಿ ಇಲ್ಲ. ಹಾಗಾಗಿ ಮೊಟ್ಟೆ ತಿನ್ನದ ಮನೆಯ ತಾಯಿಗೆ ಹೀಗೆ ಹೇಳಿ: ಮಗು ಶಾಲೆಯಲ್ಲಿ ಕೊಡುವ ಹಾಲು ಬಿಡದಿರಲಿ, ಮನೆಯಲ್ಲಿ ದಿನಾ ಮೊಸರು, ಮೊಳಕೆ ಬಂದ ಮಡಕಿ ಅಥವಾ ಹೆಸರು ಕಾಳು ಕೊಡಿ. ಸಸ್ಯಾಹಾರಿಗಳಿಗೆ ಬಿ12 ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಿಂದಲೇ.

ಉಪವಾಸದ ಬಗ್ಗೆ ಬೇಗ ಹೇಳಿಬಿಡ್ತೀನಿ. ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರು ಸಾಬೂದಾಣಿ ಖಿಚಡಿ ತಿನ್ನುತ್ತಾರೆ. ಸಾಬೂದಾಣಿ ಅಂದರೆ ಬರೀ ಪಿಷ್ಟ. ಶೇಂಗಾ ಜಾಸ್ತಿ ಹಾಕಿಸಿ, ಜೊತೆಗೆ ರಾಜಗಿರಿ ಉಂಡೆ, ಹಾಲು ಇರಲಿ ಅನ್ನಿ. ಎಲ್ಲವೂ ಉಪವಾಸಕ್ಕೆ ನಡೆಯುವಂಥವೇ. ಜೈನರ ಮನೆಯಲ್ಲಿ ಗಜ್ಜರಿ ತಿನ್ನಿ ಅನ್ನಬೇಡಿ. ನೆಲದೊಳಗೆ ಬೆಳೆಯುವ ಗಡ್ಡೆ ಅವರು ಮುಟ್ಟುವುದಿಲ್ಲ. ಕಣ್ಣಿಗೆ ಬೇಕಾದ ಎ ಜೀವಸತ್ವ ಕುಂಬಳಕಾಯಿ, ಮಾವಿನಹಣ್ಣು, ಪಪ್ಪಾಯಿ ಹಣ್ಣಿನಲ್ಲೂ ಇದೆ. ರಾತ್ರಿ ಮಲಗುವಾಗ ಗುಳಿಗೆ ಅನ್ನಲೂಬೇಡಿ. ಸೂರ್ಯ ಮುಳುಗಿದ ಮೇಲೆ ನೀರನ್ನೂ ಕುಡಿಯದವರು ಇದ್ದಾರೆ.

ರಂಜಾನ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಸಕ್ಕರೆ ಕಾಯಿಲೆ ಇದ್ದವರು ರೋಜಾ, ಅಂದರೆ ಉಪವಾಸ ಇಟ್ಟು, ಸಕ್ಕರೆ ಗುಳಿಗೆ ಮಾತ್ರ ಮೊದಲಿನಂತೆಯೇ ನುಂಗಿದರೆ ಮಧ್ಯಾಹ್ನ ಸಕ್ಕರೆ ಕುಸಿದು ತಲೆ ಸುತ್ತಿ ಬೀಳಬಹುದು. "ರೋಜಾ ಬಿಡಿ" ಅಂತ ನಾವು ಹೇಳಿದರೆ ಅವರು ನಮಗೆ ಹೇಳುವುದನ್ನು ಬಿಡುತ್ತಾರೆ, ರೋಜಾ ಬಿಡುವುದಿಲ್ಲ. ರಂಜಾನ್ ತಿಂಗಳು ಶುರುವಾಗುವ ಒಂದೂವರೆ ತಿಂಗಳ ಮುಂಚೆಯೇ ಮನೆಗೆ ಹೋಗಿ. ಡಾಕ್ಟರ ಹತ್ತಿರ ಕಳಿಸಿ, ಗುಳಿಗೆ ಹೊತ್ತು, ಪ್ರಮಾಣ ಬದಲಾಯಿಸಿಕೊಳ್ಳಲಿ. ಬೆರಳು ಚುಚ್ಚಿ ಪರೀಕ್ಷೆ ಮಾಡಿಕೊಂಡರೆ ರೋಜಾ ಮುರಿಯುವುದಿಲ್ಲ ಅಂತ ಅವರ ಧರ್ಮಗುರುಗಳೇ ಹೇಳುತ್ತಾರೆ. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಆ ಹೊತ್ತಿನಲ್ಲೇ ರೋಜಾ ಬಿಡಬೇಕು. ಕಾಯಿಲೆಯವರಿಗೆ ವಿನಾಯಿತಿ ಕುರಾನಿನಲ್ಲೇ ಇದೆ. ಈ ಮಾತನ್ನು ನಮಗಿಂತ ಮಸೀದಿಯ ಹಿರಿಯರು ಹೇಳಿದರೆ ಚೆಂದ. ಹೋಗಿ ಕೇಳಿ. ಸಹರಿಗೆ, ಅಂದರೆ ಬೆಳಗಿನ ಜಾವದ ಊಟಕ್ಕೆ, ಅನ್ನದ ಬದಲು ರೊಟ್ಟಿ, ಬೇಳೆ, ಮೊಸರು ಇದ್ದರೆ ಹೊಟ್ಟೆ ಜಾಸ್ತಿ ಹೊತ್ತು ತಡೆಯುತ್ತೆ. ರೋಜಾ ಇಟ್ಟ ಗರ್ಭಿಣಿಗೆ ಕಬ್ಬಿಣದ ಗುಳಿಗೆ ಇಫ್ತಾರ್ (ಸಂಜೆ ರೋಜಾ ಬಿಡುವ ಊಟ) ಆದ ಮೇಲೆ, ಲಿಂಬು ಶರಬತ್ತಿನ ಜೊತೆ. ಚಹಾ ಆಮೇಲೆ.

ರೊಟ್ಟಿ ಅಂದ ಕೂಡಲೇ ಒಂದು ಎಚ್ಚರಿಕೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣ ಇದೆ. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಮಿನ ಒಳಗೆ, ಕಬ್ಬಿಣ 1 ಮಿಲಿಗ್ರಾಮಿನ ಒಳಗೆ. ನಮ್ಮ ಅಜ್ಜಿಯರ ರೊಟ್ಟಿ ಬುಟ್ಟಿ ಸಣ್ಣದಾಗಿ ಅನ್ನದ ಬೋಗುಣಿ ದೊಡ್ಡದಾಗಿದ್ದಕ್ಕೆ ನನಗೆ ನಿಜವಾಗಿ ದುಃಖ ಇದೆ. ಆದರೆ ಶುಗರ್‌ಗೆ ಜೋಳ ಒಳ್ಳೇದು ಅಂತ ಆರು ರೊಟ್ಟಿ ತಿನ್ನುವವರನ್ನು ನೋಡಿದ್ದೇನೆ. ಜೋಳವೂ ಧಾನ್ಯವೇ. ಎರಡು ರೊಟ್ಟಿ, ಮೇಲೆ ಕಾಳು ಪಲ್ಯ ಜಾಸ್ತಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಆಶಾ ಕಾರ್ಯಕರ್ತೆ ಎದ್ದು ನಿಂತರು. "ಮೇಡಂ, ನಮ್ಮ ತಾಂಡಾದ ಮಂದಿ ಅರ್ಧಕ್ಕರ್ಧ ಗೋವಾಕ್ಕ ದುಡ್ಯಾಕ ಹೋಗ್ತಾರ. ಬಸುರಿ ಹೆಣ್ಮಕ್ಕಳೂ ಹೋಗ್ತಾರ. ಬುಟ್ಟಿ ನೋಡ್ರಿ ಅಂತೀರಿ. ಬುಟ್ಟೀನ ಅಲ್ಲಿರ್ತದಲ್ರಿ."

ಒಳ್ಳೆಯ ಪ್ರಶ್ನೆ ಅದು. ಹೋಗುವ ಮುಂಚೆ ಅವರು ಏನು ಕಟ್ಟಿಕೊಳ್ಳುತ್ತಾರೆ ಅಂತ ಕೇಳಿದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಣ ಮೆಣಸಿನಕಾಯಿ, ಒಂದಿಷ್ಟು ಕಾಳು ಅಂದರು. ಹಾಗಾದರೆ ಆ ಗಂಟಿನಲ್ಲೇ ಎಲ್ಲವೂ ಹೋಗಬೇಕು ಅಂದೆ. ಶೇಂಗಾ ಹಿಂಡಿ ಜೊತೆ ಗುರೆಳ್ಳು ಹಿಂಡಿಯೂ ಒಂದು ಡಬ್ಬಿ. ತಿಂಗಳಿಗೆ ಸಾಕಾಗುವಷ್ಟು ಗುಳಿಗೆ. ತಪಾಸಣೆಯ ವಿವರ ಇರುವ ತಾಯಿ ಕಾರ್ಡ್ ಮರೆಯದೆ. ಅಲ್ಲಿ ಯಾವ ಸರ್ಕಾರಿ ಆಸ್ಪತ್ರೆ ಹತ್ತಿರ ಅಂತ ಹೋಗಿ ಬಂದವರನ್ನು ಕೇಳಿ ಕಾರ್ಡಿನ ಹಿಂದೆ ಬರೆದುಕೊಡಿ.

ಅವರು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು: "ಹಂಗಾರ ಹೊಂಡೋ ದಿನ ಹೋಗಿ ಉಪಯೋಗಿಲ್ಲ ಬಿಡ. ಹಿಂಡಿ ಕುಟ್ಟೋ ದಿನಾನ ಹೋಗ್ಬೇಕು."